ತಾರೀಕು ಹೇಳದೆ ಗಾಡಿ ಹೊರಡದು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಜೈಲಿನ ಹಿಂಬದಿಯ ಶೆಡ್ಡಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಕಬ್ಬಿಣದ ಸರಳು ಹಿಡಿದು ವ್ಯಾನಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಾರೆ. ಒಂದೊಂದು ಟೈರಿಗೂ ಸರಳಿನಿಂದ ಒಂದೊಂದು ಏಟು. ಏಟು ಕೊಟ್ಟು ಕಿವಿಯಿಟ್ಟು ಕೇಳುತ್ತಾರೆ. ಐದು ಟೈರು ಟಣ್ಣೆಂದು ಉತ್ತರ ಕೊಡುತ್ತವೆ, ಆರನೆಯದು ದೊಪ್ಪೆಂದು ಗೊಣಗುತ್ತದೆ. "ರಾತ್ರಿ ಊಟ ಮಾಡ್ಲಿಲ್ವೇನೋ ನೀನು?" ಎಂದು ಅದನ್ನು ಗದರಿಸಿ ಗಾಳಿ ತುಂಬುವ ಪೈಪನ್ನು ಎಳೆದು ತರುತ್ತಾರೆ.

ಗಾಳಿ ತುಂಬಿಸಿದ ಮೇಲೆ ಬಕೆಟ್ಟು, ಬಟ್ಟೆ. ವ್ಯಾನಿನ ಒಳಗೆ ಎದುರುಬದುರಾಗಿ ಎರಡು ಉದ್ದನೆಯ ಬೆಂಚುಗಳಿವೆ, ಜಾಲರಿ ಹೊಡೆದ ಕಿಟಕಿಗಳಿವೆ. ಬೆಂಚನ್ನು ಒರೆಸಿ, ಜಾಲರಿಯ ಧೂಳು ಕೊಡವಿ, ಬಾಗಿಲಿನ ಹಿಡಿಯವರೆಗೂ ಬಿಡದೆ ಉಜ್ಜುತ್ತಾರೆ. ರಾತ್ರಿ ಪಾಳಿ ಮುಗಿಸಿ ಹೊರಟ ಕಾವಲುಗಾರ ನಗುತ್ತಾನೆ. "ಕೈದಿಗಳು ಕೂರೋ ಗಾಡಿ ಅಕ್ಕಾ. ಮದುವೆ ದಿಬ್ಬಣ ಏನಲ್ಲ." ತಲೆಯೆತ್ತದೆಯೇ ಉತ್ತರ ಬರುತ್ತದೆ: "ಇಲ್ಲಿಂದ ಎದ್ದು ಹೋಗಿ ಜಡ್ಜ್ ಮುಂದೆ ನಿಲ್ತಾರಪ್ಪಾ. ಹಿಂದುಗಡೆ ಗ್ರೀಸ್ ಮೆತ್ಕೊಂಡು ನಿಂತರೆ ಮರ್ಯಾದೆ ಹೋಗೋದು ಅವರದಲ್ಲ, ನಂದು."

ಇವರು ಜೈಲು ವ್ಯಾನಿನ ಡ್ರೈವರು. ವಿಚಾರಣೆ ಮುಗಿಯದೆ ಜೈಲಿನಲ್ಲಿರುವವರನ್ನು ಬೆಳಿಗ್ಗೆ ಕೋರ್ಟಿಗೆ ಕರೆದೊಯ್ಯುವುದು, ಸಾಯಂಕಾಲ ವಾಪಸು ತರುವುದು ಇವರ ಕೆಲಸ. ಹೋಗುವ ದಾರಿ ಹದಿನಾಲ್ಕು ಕಿಲೋಮೀಟರು, ಬರುವುದೂ ಅಷ್ಟೇ. ದಿನಕ್ಕೆ ಇಪ್ಪತ್ತರಿಂದ ಮೂವತ್ತು ಜನ. ಹದಿನೆಂಟು ವರ್ಷಗಳಿಂದ ಇದೇ ದಾರಿ, ಇದೇ ಹಳ್ಳಕೊಳ್ಳ. ಜೈಲಿನಲ್ಲೂ ಕೋರ್ಟಿನಲ್ಲೂ ಇವರನ್ನು ಎಲ್ಲರೂ ಕರೆಯುವುದು 'ತಾರೀಕಕ್ಕ' ಎಂದು. ಈ ಹೆಸರಿಟ್ಟವರು ಹಿಂದಿನ ಬೆಂಚಿನಲ್ಲಿ ಕೂತವರು.

ಹೆಸರು ಬಂದ ಬಗೆ ಹೀಗೆ. ಸಾಯಂಕಾಲ ಕೋರ್ಟು ಮುಗಿದು ಎಲ್ಲರೂ ವ್ಯಾನು ಹತ್ತಿ, ಬಾಗಿಲಿಗೆ ಬೀಗ ಬಿದ್ದ ಮೇಲೆ ಬೇರೆ ಡ್ರೈವರುಗಳು ಕೀಲಿ ತಿರುಗಿಸುತ್ತಾರೆ. ತಾರೀಕಕ್ಕ ಮಾತ್ರ ಸೀಟಿನಲ್ಲೇ ಹಿಂದಕ್ಕೆ ತಿರುಗಿ, ಬೆನ್ನ ಹಿಂದಿನ ಪುಟ್ಟ ಜಾಲರಿ ಕಿಂಡಿ ಸರಿಸಿ, "ಹೂಂ, ತಾರೀಕು?" ಎನ್ನುತ್ತಾರೆ. ಒಳಗಿದ್ದವರು ಒಬ್ಬೊಬ್ಬರಾಗಿ ತಮ್ಮ ಕೇಸಿನ ಮುಂದಿನ ತಾರೀಕನ್ನು ಗಟ್ಟಿಯಾಗಿ ಹೇಳಬೇಕು. ಬೆಂಗಾವಲಿನ ಹೆಡ್ ಕಾನ್‌ಸ್ಟೇಬಲ್ ಕೋರ್ಟಿನವರು ಕೊಟ್ಟ ಚೀಟಿ ನೋಡಿ ತಲೆಯಾಡಿಸಬೇಕು. ಎರಡೂ ತಾಳೆಯಾದರೆ ಸರಿ. ಯಾರಿಗಾದರೂ ತಾರೀಕು ಗೊತ್ತಿಲ್ಲದಿದ್ದರೆ, ಅಥವಾ ಬಾಯಿ ಒಂದು ಹೇಳಿ ಚೀಟಿ ಇನ್ನೊಂದು ಹೇಳಿದರೆ, ಒಬ್ಬ ಪೇದೆ ಮತ್ತೆ ಮೆಟ್ಟಿಲು ಹತ್ತಿ ಕೇಳಿಕೊಂಡು ಬರಬೇಕು. ಅಲ್ಲಿಯವರೆಗೆ ಗಾಡಿ ಅಲ್ಲಾಡುವುದಿಲ್ಲ.

ಇದನ್ನು ಯಾವ ಕಾನೂನೂ ಹೇಳಿಲ್ಲ, ಯಾವ ಸಾಹೇಬರೂ ಆಜ್ಞೆ ಮಾಡಿಲ್ಲ. ಇವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ವಯಸ್ಸಾದ ಒಬ್ಬ ತೋಟಗಾರ ವ್ಯಾನಿನಲ್ಲಿ ಬರುತ್ತಿದ್ದ. ಅವನ ಚೀಟಿಯಲ್ಲಿ ಯಾರೋ ಬೇರೆ ತಿಂಗಳು ಬರೆದುಬಿಟ್ಟರು. ನಿಜವಾದ ತಾರೀಕಿನ ದಿನ ಅವನನ್ನು ಜೈಲಿನಿಂದ ಯಾರೂ ಕಳಿಸಲಿಲ್ಲ. ದೂರದಿಂದ ಬಂದಿದ್ದ ಸಾಕ್ಷಿ ಕಾದು ಕಾದು ಊರಿಗೆ ಹೋದ, ಕೇಸು ಅರ್ಧ ವರ್ಷ ಮುಂದಕ್ಕೆ ಹೋಯಿತು. "ಒಂದು ಬೈಗುಳ ಬೈದಿದ್ರೂ ಸಮಾಧಾನ ಆಗ್ತಿತ್ತು ನನಗೆ" ಎನ್ನುತ್ತಾರೆ ತಾರೀಕಕ್ಕ. "ಆ ಅಜ್ಜ ಏನಂದ ಗೊತ್ತಾ? 'ನನಗೆ ಯಾವತ್ತು ಅಂತ ಯಾರೂ ಹೇಳ್ಲಿಲ್ಲ ಕಣವ್ವಾ' ಅಂದ, ಅಷ್ಟೇ. ಅಲ್ಲ, ಅವನ ಕೇಸು, ಅವನ ತಾರೀಕು, ಅವನಿಗೇ ಗೊತ್ತಿಲ್ಲ ಅಂದ್ರೆ! ಮನುಷ್ಯರನ್ನ ಇಷ್ಟು ಜೋಪಾನವಾಗಿ ಕರ್ಕೊಂಡು ಹೋಗಿ ಕರ್ಕೊಂಡು ಬರ್ತೀವಿ. ಸುದ್ದೀನ ಮಾತ್ರ ದಾರೀಲಿ ಬೀಳಿಸ್ಕೊಂಡು ಬರೋದಾ?"

ಮಾರನೆಯ ದಿನದಿಂದ ಕಿಂಡಿ ಸರಿಯಿತು. ಮೊದಮೊದಲು ಪೊಲೀಸರು ಗೊಣಗಿದರು, ಹಿಂದಿನವರು ನಕ್ಕರು. ಈಗ ಅದೊಂದು ಆಟವೇ ಆಗಿದೆ. ಬಾಯಿ ಮುಚ್ಚಲು ಬಾರದ ಕಾರಣಕ್ಕೆ ಎಲ್ಲರಿಂದ 'ರೇಡಿಯೊ' ಅನ್ನಿಸಿಕೊಂಡ ಒಬ್ಬ ಹುಡುಗನಂತೂ ಪ್ರತಿ ತಾರೀಕಿಗೂ ಒಂದು ಟಿಪ್ಪಣಿ ಸೇರಿಸುತ್ತಾನೆ. "ನಂದು ಹದಿನೇಳು ಅಕ್ಕಾ. ಅವತ್ತು ಕಿಟಕಿ ಸೀಟು ಈಗ್ಲೇ ಬುಕ್ ಮಾಡಿದೀನಿ, ಬರ್ಕೊಳ್ಳಿ!"

ತಾರೀಕಕ್ಕ ಸ್ಟೇರಿಂಗ್ ಹಿಡಿದದ್ದು ತಂದೆಯ ನೀರಿನ ಟ್ಯಾಂಕರಿನಲ್ಲಿ. ಅರ್ಧ ತುಂಬಿದ ಟ್ಯಾಂಕರು ಬ್ರೇಕು ಒತ್ತಿದ ಮೇಲೂ ಒಮ್ಮೆ ಮುಂದಕ್ಕೆ ನುಗ್ಗುತ್ತದೆ, ಒಳಗಿನ ನೀರು ತಳ್ಳುತ್ತದೆ. "ಒಳಗಿರೋದಕ್ಕೂ ಜೀವ ಇದೆ ಅಂದ್ಕೊಂಡು ಓಡಿಸು ಮಗಳೇ ಅಂತ ಅಪ್ಪ ಹೇಳೋರು. ಆಮೇಲೆ ನಿಜವಾಗ್ಲೂ ಜೀವ ಇರೋದನ್ನೇ ಓಡಿಸೋ ಹಾಗಾಯ್ತು." ಟ್ಯಾಂಕರಿನ ನಂತರ ಕೆಲವು ವರ್ಷ ಶಾಲಾ ಮಕ್ಕಳ ವ್ಯಾನು. ಆಮೇಲೆ ಈ ಸರ್ಕಾರಿ ಕೆಲಸ. ಮೊದಲ ವಾರ ಹಿಂದಿನ ಬೆಂಚಿನವರೆಲ್ಲ ಸೇರಿ, ಈ ಹೆಂಗಸು ಜೈಲಿನ ಗೇಟಿನ ಕಂಬಕ್ಕೆ ಗುದ್ದುತ್ತಾಳೋ ಇಲ್ಲವೋ ಎಂದು ಬಾಜಿ ಕಟ್ಟಿದ್ದರಂತೆ. ಯಾರು ಗೆದ್ದರು ಎಂದರೆ ಕೈ ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. "ಕಂಬಾನೇ ಗೆದ್ದಿದ್ದು. ಒಂದೇ ಒಂದು ಸಲ. ಅದೂ ಮಳೆ ಬಂದಿತ್ತು!"

ಕಷ್ಟಗಳನ್ನು ಕೇಳಿದರೆ ದೊಡ್ಡ ಪಟ್ಟಿಯೇನೂ ಒಪ್ಪಿಸುವುದಿಲ್ಲ. ಸೊಂಟ ನೋವು ಇದೆ. ಬೇಸಿಗೆಯಲ್ಲಿ ಇಂಜಿನ್ನಿನ ಕಾವಿಗೆ ಕಾಲು ಬೇಯುತ್ತದೆ. ಶೆಡ್ಡಿನಲ್ಲಿ ಹೆಂಗಸರಿಗೆಂದು ಒಂದು ಶೌಚಾಲಯ ಕಟ್ಟಿಸಲು ಏಳು ವರ್ಷ ಅರ್ಜಿ ಬರೆದರು. ಜನ ವ್ಯಾನು ನೋಡಿದ ಕೂಡಲೇ ಮಕ್ಕಳ ಕೈ ಎಳೆದುಕೊಳ್ಳುತ್ತಾರೆ. ಎಲ್ಲಕ್ಕಿಂತ ದೊಡ್ಡ ಫಜೀತಿ ಗಾಡಿ ನಡುರಸ್ತೆಯಲ್ಲಿ ಕೆಟ್ಟು ನಿಲ್ಲುವುದು. "ಒಳಗೆ ಗಟ್ಟಿಮುಟ್ಟಾದ ಗಂಡಸರು ಇಪ್ಪತ್ತೈದು ಜನ ಕೂತಿರ್ತಾರೆ. ತಳ್ಳೋಕೆ ಅಂತ ಒಬ್ಬನನ್ನೂ ಇಳಿಸೋ ಹಾಗಿಲ್ಲ! ರಸ್ತೇಲಿ ಹೋಗೋ ಸಣಕಲು ಮೇಷ್ಟ್ರುಗಳನ್ನೆಲ್ಲ ಕೈ ಮುಗಿದು ಕರೀಬೇಕು. ಒಳಗಿಂದ ಇವರು 'ಐಸಾ' ಹಾಕ್ತಾರೆ."

ಮನೆಯಲ್ಲಿ ಕ್ಷೌರದಂಗಡಿ ನಡೆಸುವ ಗಂಡ, ಆಸ್ಪತ್ರೆಯಲ್ಲಿ ನರ್ಸಾಗಿರುವ ಮಗಳು, ಮತ್ತು ಎಂಬತ್ತರ ಅತ್ತೆ. ಅತ್ತೆಯ ನಾಲಿಗೆಗೆ ಇನ್ನೂ ಮುಪ್ಪು ಬಂದಿಲ್ಲ. ಹೊಸಬರು ಯಾರು ಬಂದರೂ "ನಮ್ಮ ಸೊಸೆ ದಿನಾ ಜೈಲಿಗೆ ಹೋಗ್ತಾಳೆ ಕಣ್ರೀ. ಸಾಯಂಕಾಲ ಪಾಪ, ಬಿಟ್ಟು ಕಳಿಸ್ತಾರೆ" ಎಂದು ಶುರು ಹಚ್ಚುತ್ತಾರೆ. ಗಂಡ ಮಾತ್ರ ಹೆಂಡತಿಯ ಸ್ಕೂಟರಿನ ಹಿಂದೆ ಕೂತರೆ ಇವತ್ತಿಗೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಜೈಲಿನವರಿಗಿರುವ ಧೈರ್ಯ ತಮ್ಮ ಗಂಡನಿಗಿಲ್ಲ ಎಂಬುದು ತಾರೀಕಕ್ಕನ ಅಳಲು.

ಗಾಳಿ ತುಂಬಿಸಿ ಬೆಂಚು ಒರೆಸಿದ ಈ ದಿನ ಸಾಲು ರಜೆಯ ಹಿಂದಿನ ದಿನ. ನಾಳೆಯಿಂದ ಮೂರು ದಿನ ಕೋರ್ಟಿಲ್ಲ. ಹಾಗಾಗಿ ವ್ಯಾನು ತುಂಬಿ ತುಳುಕುತ್ತಿದೆ. ಬೆಂಗಾವಲಿಗೆ ಮೀಸೆಯಣ್ಣ ಬಂದಿದ್ದಾರೆ. ಈ ಹೆಡ್ ಕಾನ್‌ಸ್ಟೇಬಲ್ಲಿಗೆ ಮೀಸೆಯೇ ಇಲ್ಲ. ಹೆಂಡತಿಯ ಮಾತಿಗೆ ಮಣಿದು ಎಂದೋ ಬೋಳಿಸಿದರು, ಹೆಸರು ಮಾತ್ರ ಮುಖಕ್ಕೆ ಅಂಟಿಕೊಂಡು ಉಳಿಯಿತು. ಹತ್ತುವವರ ಸಾಲಿನಲ್ಲಿ ಕೊನೆಯವನು ಒಬ್ಬ ಗಾರೆ ಮೇಸ್ತ್ರಿ. ಮೂವತ್ತೈದರ ಆಸುಪಾಸಿನ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಆಸಾಮಿ. ಅವನು ಗಿಲಾವು ಮಾಡುತ್ತಿದ್ದ ಮನೆಯಲ್ಲಿ ಚಿನ್ನದ ಸರ ಕಳೆಯಿತು. ಗೋಡೆಯ ಹತ್ತಿರ ಇದ್ದವನು ಇವನೇ ಎಂದು ಇವನನ್ನು ಹಿಡಿದರು. ಜಾಮೀನು ನಿಲ್ಲುವವರು ಸಿಗಲಿಲ್ಲ. ಒಂದು ವರ್ಷದ ಮೇಲಾಯಿತು, ತಾರೀಕಿನಿಂದ ತಾರೀಕಿಗೆ ಬಂದು ಹೋಗುತ್ತಿದ್ದಾನೆ.

ಕೋರ್ಟಿನ ಗೇಟಿನಲ್ಲಿ ವ್ಯಾನು ನಿಧಾನವಾಗುವ ಜಾಗವೊಂದಿದೆ. ಅಲ್ಲಿ ಮನೆಯವರು ಕಾದು ನಿಂತಿರುತ್ತಾರೆ. ಮೇಸ್ತ್ರಿಯ ಹೆಂಡತಿ ಬಟ್ಟೆ ಒಗೆಯುವ ಕಾರ್ಖಾನೆಯೊಂದರಲ್ಲಿ ಇಸ್ತ್ರಿ ಮಾಡುತ್ತಾಳೆ. ಒಂದು ತಾರೀಕನ್ನೂ ತಪ್ಪಿಸಿದವಳಲ್ಲ. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು. ಆ ಮಗುವಿಗೂ ತಾರೀಕಕ್ಕನಿಗೂ ಹಳೆಯ ವೈರ. ಅಪ್ಪನನ್ನು ಪ್ರತಿ ಸಲ ತುಂಬಿಕೊಂಡು ಹೋಗುವ ಹೆಂಗಸು ಇವಳೇ ಎಂದು ಅದು ಪತ್ತೆ ಮಾಡಿಬಿಟ್ಟಿದೆ. ಅಪ್ಪನ ಕಿಟಕಿಗೆ ಕೈ ಬೀಸುತ್ತದೆ, ಡ್ರೈವರಿನ ಕಿಟಕಿಗೆ ಉದ್ದಕ್ಕೆ ನಾಲಿಗೆ ಚಾಚುತ್ತದೆ. "ತಪ್ಪೇನಿದೆ? ನಾನಾಗಿದ್ರೆ ಕಲ್ಲು ಹೊಡೀತಿದ್ದೆ" ಎಂದು ತಾರೀಕಕ್ಕ ನಗುತ್ತಾರೆ. ನಗುವಾಗ ಮುಖ ರಸ್ತೆಯ ಕಡೆ ಇರುತ್ತದೆ.

ಹಗಲೆಲ್ಲ ಎಂದಿನಂತೆ ಕಳೆಯುತ್ತದೆ. ಹೊರಡುವ ಹೊತ್ತಿಗೆ ಕಿಂಡಿ ಸರಿಯುತ್ತದೆ. ಇಪ್ಪತ್ತೆಂಟು ಜನ, ಇಪ್ಪತ್ತೇಳು ತಾರೀಕು. ರೇಡಿಯೊ ತನ್ನದು ಹೇಳಿ, ಪಕ್ಕದವನದನ್ನೂ ಹೇಳಿ, ಚಪ್ಪಾಳೆ ತಟ್ಟಿ ಮುಗಿಸುತ್ತಾನೆ. ಕೊನೆಗೆ ಉಳಿದವನು ಮೇಸ್ತ್ರಿ.

"ನಿಂದು?"

"ಕೊಟ್ಟಿಲ್ಲ ಅಕ್ಕಾ."

"ಕೊಡದೆ ಹೇಗಿರ್ತಾರೆ? ಕೇಳಿಸ್ಕೊಂಡಿರೋದಿಲ್ಲ ನೀನು. ನಿಂತಲ್ಲೇ ಕನಸು ಕಾಣ್ತಿದ್ದೆಯೇನೋ!"

"ಇಲ್ಲ ಅಕ್ಕಾ. ಹೆಸರು ಕೂಗಿದ್ರು, ನಿಂತೆ. ಸಾಹೇಬ್ರು ಹಾಳೆ ನೋಡ್ಕೊಂಡು ಓದಿದ್ರು. ಫ್ಯಾನು ಸದ್ದು, ಏನೂ ತಿಳೀಲಿಲ್ಲ. ವಕೀಲರು ಪಕ್ಕದ ಹಾಲಿಗೆ ಓಡಿದ್ರು. ಒಂದು ಕಡೆ ಸೈನ್ ಹಾಕಿಸ್ಕೊಂಡ್ರು. ತಾರೀಕು ಅಂತ ಕೇಳಿದೆ. ನಿನಗೆ ತಾರೀಕಿಲ್ಲ ಅಂದ್ರು." ಅವನ ದನಿ ಕುಸಿಯುತ್ತದೆ. "ಮನೆಯವಳಿಗೂ ಹಾಗೇ ಹೇಳಿದೆ, ಜಾಲರಿ ಹತ್ರ ಬಂದಾಗ. ತಾರೀಕೇ ಇಲ್ಲ ಅಂದ್ರೆ ನನ್ನ ಮರೆತೇಬಿಟ್ರು ಅಂತ ಅತ್ಕೊಂಡು ಬಸ್ಸಿಗೆ ಹೋದಳು. ಸಂಜೆ ಪಾಳಿ ಕೆಲಸಕ್ಕೆ ಹೊತ್ತಾಗಿತ್ತು."

ಮೀಸೆಯಣ್ಣ ಕೈಯಲ್ಲಿನ ಚೀಟಿಗಳನ್ನು ತಿರುವಿ ಹಾಕುತ್ತಾರೆ. ಮೇಸ್ತ್ರಿಯ ಚೀಟಿಯೇ ಇಲ್ಲ. ಮೇಲೆಯೇ ಬಿಟ್ಟು ಬಂದಿರಬೇಕು ಎಂದು ಗೊಣಗುತ್ತಾ ಮೆಟ್ಟಿಲು ಹತ್ತುತ್ತಾರೆ. ವ್ಯಾನಿನಲ್ಲಿ ಗದ್ದಲ ಕಡಿಮೆಯಾಗುತ್ತದೆ. ತಾರೀಕಕ್ಕನಿಗೂ ಒಳಗೊಳಗೆ ಅಳುಕು. ಹದಿನೆಂಟು ವರ್ಷದಲ್ಲಿ ತಪ್ಪು ತಾರೀಕು ಹೇಳಿದವರು ಎಷ್ಟೋ ಜನ. ತಾರೀಕೇ ಇಲ್ಲ ಎಂದವನು ಇವನೊಬ್ಬನೇ. ತೋಟಗಾರ ಅಜ್ಜನ ಮುಖ ನೆನಪಾಗುತ್ತದೆ.

ಹೋದ ಮೀಸೆಯಣ್ಣ ನಡೆದುಕೊಂಡು ಬರುವುದಿಲ್ಲ. ಓಡಿಕೊಂಡು ಬರುತ್ತಾರೆ, ಟೊಪ್ಪಿ ಕೈಯಲ್ಲಿ ಹಿಡಿದು, ಎರಡೆರಡು ಮೆಟ್ಟಿಲು ಹಾರಿ. ಆ ದಪ್ಪ ದೇಹ ಓಡಿದ್ದನ್ನು ಕಂಡವರು ಇಲಾಖೆಯಲ್ಲಿ ಯಾರೂ ಇಲ್ಲ. ಕಿಟಕಿಗೆ ಜೋತುಬಿದ್ದು ಏದುಸಿರಿನಲ್ಲಿ ಹೇಳುತ್ತಾರೆ: "ಲೋ ಮೇಸ್ತ್ರೀ! ಚೀಟಿ ಎಲ್ಲಿಂದ ಬರತ್ತೋ! ನಿನ್ನ ಕೇಸೇ ಮುಗೀತು. ನೀನು ತಪ್ಪಿತಸ್ಥ ಅಲ್ಲ ಅಂತ ತೀರ್ಪಾಗಿದೆ. ಬಿಟ್ಟುಬಿಟ್ಟಿದ್ದಾರೆ ಕಣೋ ನಿನ್ನ! ನೀನು ಯಾಕೋ ಬಂದು ಗಾಡಿ ಹತ್ತಿದೆ?"

ಮೇಸ್ತ್ರಿ ಸುತ್ತ ನೋಡುತ್ತಾನೆ. "ಎಲ್ಲರೂ ಹತ್ತಿದ್ರು" ಎನ್ನುತ್ತಾನೆ.

ಆಗ ಗಾಡಿಯೊಳಗೆ ಎದ್ದ ಕೇಕೆಗೆ ಕೋರ್ಟಿನ ಆವರಣದ ಕಾಗೆಗಳೆಲ್ಲ ಹಾರಿಹೋದವು ಎಂದು ತಾರೀಕಕ್ಕ ಈಗಲೂ ಹೇಳುತ್ತಾರೆ. ಇಪ್ಪತ್ತೇಳು ಜನ ಬೆಂಚು ಬಡಿದರು, ಮೇಸ್ತ್ರಿಯ ತಲೆ ಸವರಿದರು, ಬೆನ್ನಿಗೆ ಗುದ್ದಿದರು. ತಮ್ಮ ಪೈಕಿ ಒಬ್ಬನಿಗೆ ತಾರೀಕೇ ಇಲ್ಲವಾಯಿತು ಎಂಬ ಸಂತೋಷಕ್ಕೆ, ತಮಗೆ ತಾರೀಕು ಇದೆ ಎಂಬುದನ್ನೇ ಎಲ್ಲರೂ ಮರೆತರು. ಮೇಸ್ತ್ರಿ ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಬಿಡುಗಡೆಯ ಆದೇಶ ಟೈಪಾಗಿ, ಜಡ್ಜರ ಸಹಿ ಬಿದ್ದು, ಮೊಹರು ಬಿದ್ದು, ಜೈಲಿಗೆ ತಲುಪಬೇಕು. ಅದು ಹೋಗುವುದು ಮಾರನೆಯ ಬೆಳಗಿನ ಟಪಾಲಿನಲ್ಲಿ. ಮಾರನೆಯ ಬೆಳಿಗ್ಗೆ ರಜೆ. ಅದರ ಮಾರನೆಯದೂ ರಜೆ, ಅದರ ಮೇಲಿನದೂ ರಜೆ. ಈಗ ಕಾಗದ ಕೈಗೆ ಬರದಿದ್ದರೆ, ತಪ್ಪಿಲ್ಲ ಎಂದು ತೀರ್ಪಾದ ಮನುಷ್ಯ ಇನ್ನೂ ನಾಲ್ಕು ರಾತ್ರಿ ಒಳಗೇ ಮಲಗಬೇಕು. ಸಾಯಂಕಾಲ ಜೈಲಿನ ಕಚೇರಿ ಬಾಗಿಲು ಹಾಕುವುದರೊಳಗೆ ಕಾಗದವೂ ಮನುಷ್ಯನೂ ಅಲ್ಲಿರಬೇಕು.

"ಮೀಸೆಯಣ್ಣಾ, ಟಪಾಲು ರಜೆ ಅಂದ್ರೆ ನಾವೇನು ರಜೆನಾ?" ಎಂದರು ತಾರೀಕಕ್ಕ. "ಕಾಗದ ಕೇಳ್ಕೊಂಡು ಬನ್ನಿ. ಗಾಡಿ ಇಲ್ಲೇ ಇರತ್ತೆ."

ಕಚೇರಿಯ ಗುಮಾಸ್ತೆ ಬ್ಯಾಗನ್ನು ಹೆಗಲಿಗೇರಿಸಿ ದೀಪ ಆರಿಸುತ್ತಿದ್ದಳು. ರಜೆಗೆ ತವರಿಗೆ ಹೊರಟವಳು. ಮೀಸೆಯಣ್ಣ ಹೇಳಿದ್ದನ್ನು ಕೇಳಿ ಒಂದು ಸಲ ಗಡಿಯಾರ ನೋಡಿದಳು, ಒಂದು ಸಲ ಕಿಟಕಿಯಿಂದ ಕೆಳಗಿನ ವ್ಯಾನು ನೋಡಿದಳು, ಬ್ಯಾಗು ಇಳಿಸಿ ಕಂಪ್ಯೂಟರ್ ಮತ್ತೆ ಹಚ್ಚಿದಳು. ಜಡ್ಜರು ಕಾರು ಹತ್ತುವ ಮುಂಚೆ ಕಾಗದ ಮುಂದಿಟ್ಟಾಗ ಏನೂ ಕೇಳದೆ ಓದಿ ಸಹಿ ಮಾಡಿದರು. ಉಳಿದದ್ದು ಮೊಹರು. ಅದು ಬೀರುವಿನಲ್ಲಿದೆ, ಬೀರುವಿನ ಕೀಲಿ ಜವಾನನ ಸೊಂಟದಲ್ಲಿದೆ, ಜವಾನ ಎಲ್ಲಿದ್ದಾನೆ ಯಾರಿಗೂ ಗೊತ್ತಿಲ್ಲ.

ಮೀಸೆಯಣ್ಣ ಜಗುಲಿಯಿಂದ ಕೈ ಚೆಲ್ಲಿ ತೋರಿಸಿದಾಗ ತಾರೀಕಕ್ಕ ಸೈಕಲ್ ಸ್ಟ್ಯಾಂಡಿನ ಕಡೆ ತಿರುಗಿದರು. ಡ್ರೈವರಾದವರಿಗೆ ಮನುಷ್ಯರ ಮುಖ ಮರೆತರೂ ಗಾಡಿ ಮರೆಯುವುದಿಲ್ಲ. ಜವಾನನ ಹಸಿರು ಸೈಕಲ್ಲು ಅಲ್ಲೇ ಒರಗಿದೆ. "ಸೈಕಲ್ ಬಿಟ್ಟು ಆ ಮನುಷ್ಯ ಸ್ವರ್ಗಕ್ಕೂ ಹೋಗಲ್ಲ" ಎಂದು, ಹಾರ್ನಿನ ಮೇಲೆ ಅಂಗೈ ಊರಿ ಒತ್ತಿ ಹಿಡಿದರು. ಆ ವ್ಯಾನಿನ ಹಾರ್ನಿಗೆ ಸತ್ತವರೂ ಎದ್ದು ಕೂರಬೇಕು. ಕ್ಯಾಂಟೀನಿನ ಹಿಂದಿನಿಂದ ಕೈಯಲ್ಲಿ ಚಹಾ ಲೋಟ ಹಿಡಿದೇ ಜವಾನ ಓಡಿ ಬಂದ, ಯಾವುದೋ ಕೈದಿ ಓಡಿಹೋದ ಎಂದುಕೊಂಡು. ಇಲ್ಲಪ್ಪಾ, ಒಬ್ಬನನ್ನು ಓಡಿಸಬೇಕಾಗಿದೆ, ಕೀಲಿ ತೆಗಿ ಎಂದಾಗ ಮಿಕ್ಕ ಚಹಾವನ್ನು ಗಟಗಟ ಕುಡಿದು ಮೆಟ್ಟಿಲು ಹತ್ತಿದ.

ಮೊಹರು ಬಿದ್ದ ಕಾಗದವನ್ನು ಮೀಸೆಯಣ್ಣ ಅಂಗಿಯ ಜೇಬಿಗೆ ಹಾಕಿ ಗುಂಡಿ ಬಿಗಿದರು. ವ್ಯಾನು ಹೊರಟಿತು. ದಾರಿಯಲ್ಲಿ ಹಿಂದಿನಿಂದ ಒಂದೇ ಸಮನೆ "ಓಡ್ಸಕ್ಕಾ, ಓಡ್ಸಕ್ಕಾ" ಎಂಬ ಕೂಗು. ವೇಗವಾಗಿ ಓಡಿಸಿದಿರಾ ಎಂದು ಕೇಳಿದರೆ ತಾರೀಕಕ್ಕನಿಗೆ ಸಿಟ್ಟೇ ಬರುತ್ತದೆ. "ಹಿಂದೆ ಅಷ್ಟು ಜನ ಕೂತಿದ್ದಾರೆ, ಕೈಗೆ ಹಿಡ್ಕೊಳ್ಳೋಕೆ ಒಂದು ಸರಳಿಲ್ಲ. ಒಬ್ಬನ ಬಿಡುಗಡೆಗೆ ಇಪ್ಪತ್ತೇಳು ಜನರ ಹಲ್ಲು ಉದುರಿಸಲಾ? ದಿನಾ ಹೋಗೋ ಹಾಗೇ ಹೋದೆ. ಎಲ್ಲೂ ನಿಲ್ಲಿಸ್ಲಿಲ್ಲ, ಅಷ್ಟೇ."

ನಿಲ್ಲಿಸಿದ್ದು ರೈಲ್ವೆ ಗೇಟು. ಕಣ್ಣೆದುರೇ ಅಡ್ಡಗಂಬ ಇಳಿಯಿತು. ಮೀಸೆಯಣ್ಣ ಹಣೆ ಚಚ್ಚಿಕೊಂಡರು. ರೇಡಿಯೊ ರೈಲ್ವೆ ಇಲಾಖೆಯ ವಂಶಾವಳಿಯನ್ನೆಲ್ಲ ಬೈಯತೊಡಗಿದ. ಪಕ್ಕದ ಸಾಲಿನಲ್ಲಿ ಒಂದು ಸಿಟಿ ಬಸ್ಸು ಆಗಲೇ ನಿಂತಿತ್ತು. ತಾರೀಕಕ್ಕ ಸುಮ್ಮನೆ ಆ ಕಡೆ ನೋಡಿದರೆ, ಬಸ್ಸಿನ ಕಿಟಕಿಯಿಂದ ಒಂದು ಪುಟ್ಟ ನಾಲಿಗೆ ಉದ್ದಕ್ಕೆ ಹೊರಗೆ ಬಂತು.

ಆ ನಾಲಿಗೆ ಯಾರದೆಂದು ಬೇರೆ ಹೇಳಬೇಕಾಗಿಲ್ಲ. ಬಸ್ಸು ತಡವಾಗಿ ಸಿಕ್ಕಿರಬೇಕು, ಪಕ್ಕದಲ್ಲಿ ಕೆಂಪು ಚೀಲ ಮಡಿಲಲ್ಲಿಟ್ಟುಕೊಂಡು ಮೇಸ್ತ್ರಿಯ ಹೆಂಡತಿ ಎಲ್ಲೋ ನೋಡುತ್ತಾ ಕೂತಿದ್ದಾಳೆ. ಕೈದಿಗಳಿರುವಾಗ ದಾರಿಯಲ್ಲಿ ಯಾರೊಂದಿಗೂ ಮಾತಾಡುವಂತಿಲ್ಲ, ಅದು ಕಟ್ಟುನಿಟ್ಟು. ತಾರೀಕಕ್ಕ ಮೀಸೆಯಣ್ಣನ ಮುಖ ನೋಡಿದರು. ಮೀಸೆಯಣ್ಣ ಆ ಕ್ಷಣದಲ್ಲಿ ಇನ್ನೂ ಬಾರದ ರೈಲಿನ ಡಬ್ಬಿಗಳನ್ನು ಬಹಳ ಶ್ರದ್ಧೆಯಿಂದ ಎಣಿಸತೊಡಗಿದ್ದರು.

ತಾರೀಕಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಸ್ಸಿನ ಡ್ರೈವರನ್ನು ಕೂಗಿದರು. "ಅಣ್ಣಾ! ನಿಮ್ಮ ಬಸ್ಸು ಜೈಲ್ ಸ್ಟಾಪಲ್ಲಿ ನಿಲ್ಲತ್ತಾ?"

"ನಿಲ್ಲತ್ತೆ. ಯಾಕೆ, ನಿಮ್ಮ ಗಾಡಿ ಕೆಟ್ಟಿದ್ಯಾ?"

"ನಿಮ್ಮ ಬಸ್ಸಲ್ಲಿ ಕೆಂಪು ಚೀಲ ಇಟ್ಕೊಂಡಿರೋ ಹೆಣ್ಮಗಳಿಗೆ ಹೇಳಿ, ಅಲ್ಲಿ ಇಳೀಲಿ ಅಂತ. ಅವಳ ಗಂಡಂಗೆ ಬಿಡುಗಡೆ ಆಗಿದೆ!"

ಬಸ್ಸಿನ ಡ್ರೈವರು ಹಿಂದಕ್ಕೆ ತಿರುಗುವಷ್ಟರಲ್ಲಿ ಆ ಸುದ್ದಿಗೆ ಅವನ ಅಗತ್ಯವೇ ಉಳಿದಿರಲಿಲ್ಲ. ವ್ಯಾನಿನ ಬಲಗಡೆಯ ಜಾಲರಿಗಳಿಗೆಲ್ಲ ಮುಖಗಳು ಅಂಟಿಕೊಂಡು "ಅತ್ತಿಗೇ! ಅತ್ತಿಗೇ! ಮೇಸ್ತ್ರಿ ಗೆದ್ದ! ಬಿಟ್ಬಿಟ್ರು!" ಎಂದು ಒಂದೇ ಗಂಟಲಿನಲ್ಲಿ ಕಿರುಚುತ್ತಿದ್ದವು. ಜೈಲು ವ್ಯಾನು ಹೀಗೆ ಹುಚ್ಚೆದ್ದು ಕೂಗಿದ್ದನ್ನು ಕೇಳಿ ಬಸ್ಸಿನ ಕೆಲವರು ಸೀಟಿನ ಕೆಳಗೆ ಬಗ್ಗಿದರು. ಮೇಸ್ತ್ರಿಯನ್ನು ಎಲ್ಲರೂ ಎತ್ತಿ ಜಾಲರಿಯ ಮುಂದೆ ನಿಲ್ಲಿಸಿದರು. ಅವನು ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಹೆಂಡತಿ ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ಅಷ್ಟರಲ್ಲಿ ರೈಲು ಬಂದು ಎಲ್ಲರ ದನಿಯನ್ನೂ ನುಂಗಿಕೊಂಡು ಹೋಯಿತು. ರೈಲು ದಾಟಿದ ಮೇಲೆ ನೋಡಿದರೆ ಬಸ್ಸಿನಲ್ಲಿ ಗುರುತು ಪರಿಚಯವಿಲ್ಲದ ಹೆಂಗಸರೆಲ್ಲ ಅವಳ ಕೈ ಹಿಡಿದುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ಮಗು ನಾಲಿಗೆ ಒಳಗೆಳೆದುಕೊಂಡು, ಇದೇನು ನಡೆಯುತ್ತಿದೆ ಎಂದು ತಾರೀಕಕ್ಕನನ್ನೇ ದಿಟ್ಟಿಸುತ್ತಿತ್ತು.

ಜೈಲಿನ ಕಚೇರಿಯವರು ಇನ್ನೇನು ಬಾಗಿಲು ಹಾಕಬೇಕು, ಮೀಸೆಯಣ್ಣ ಜೇಬಿನ ಗುಂಡಿ ಬಿಚ್ಚುತ್ತಲೇ ಒಳಗೆ ನುಗ್ಗಿದರು. ಹೆಬ್ಬೆಟ್ಟು, ಗುರುತಿನ ಮಚ್ಚೆ, ಸಹಿ, ಮತ್ತೊಂದು ಸಹಿ. ಮೇಸ್ತ್ರಿಯ ಹಳೆಯ ಚಪ್ಪಲಿ, ಬೆಲ್ಟು, ಸತ್ತು ವರ್ಷವಾದ ಫೋನು ಅವನ ಕೈಗೆ ಬಂದವು. ಉಳಿದವರು ಎಂದಿನಂತೆ ಸಾಲಾಗಿ ಒಳಗೆ ಹೋದರು, ಆದರೆ ಹೋಗುವಾಗ ಒಬ್ಬೊಬ್ಬರೂ ಅವನ ಭುಜ ಮುಟ್ಟಿ ಹೋದರು. ರೇಡಿಯೊ ಮಾತ್ರ ಮಾತಿಲ್ಲದೆ ಹೋದ. ಅವನ ಮಾತು ಬಂದಾಗ ತಾರೀಕಕ್ಕ ಹೇಳುತ್ತಾರೆ: "ಅವನದೂ ಆಗತ್ತೆ ಬಿಡಿ. ಹದಿನೇಳಕ್ಕೆ ಕರ್ಕೊಂಡು ಹೋಗ್ತೀನಲ್ಲ."

ಸಾಮಾನ್ಯವಾಗಿ ವ್ಯಾನನ್ನು ಶೆಡ್ಡಿಗೆ ಹಾಕಿ ತಾರೀಕಕ್ಕ ನೇರ ಮನೆಗೆ ಹೊರಡುತ್ತಾರೆ. ಅವತ್ತು ಸ್ಕೂಟರನ್ನು ರಸ್ತೆಯ ಆಚೆ ಬದಿಗೆ ನಿಲ್ಲಿಸಿ ಕಾದರು. ದೊಡ್ಡ ಗೇಟಿನೊಳಗಿನ ಚಿಕ್ಕ ಬಾಗಿಲು ತೆರೆಯಿತು. ಮೇಸ್ತ್ರಿ ತಲೆ ಬಗ್ಗಿಸಿ ಹೊರಗೆ ಬಂದ. ಹೆಂಡತಿ ಎರಡು ಹೆಜ್ಜೆ ಮುಂದೆ ಬಂದು ನಿಂತಳು. ಮಗಳು ಮಾತ್ರ ಅಮ್ಮನ ಹಿಂದೆ ಅವಿತು, ಜಾಲರಿಯಿಲ್ಲದ ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, ಕೊನೆಗೆ ಒಂದು ಬೆರಳಿನಿಂದ ಅವನ ಕೈ ಮುಟ್ಟಿ ಪರೀಕ್ಷೆ ಮಾಡಿತು. ಪರೀಕ್ಷೆಯಲ್ಲಿ ಅಪ್ಪ ಪಾಸಾದ. ಆಮೇಲೆ ಅವನ ಕತ್ತಿನಿಂದ ಅದನ್ನು ಬಿಡಿಸಲು ಯಾರಿಂದಲೂ ಆಗಲಿಲ್ಲ.

"ಹೋಗಿ ಮಾತಾಡಿಸ್ಲಿಲ್ವೇ ನೀನು?" ಎಂದು ಅತ್ತೆ ಅವತ್ತು ಕೇಳಿದರಂತೆ. ಇಲ್ಲ. ಸ್ಕೂಟರು ಹತ್ತಿ ಬಂದುಬಿಟ್ಟರು. ಯಾಕೆಂದು ಕೇಳಿದರೆ ತಾರೀಕಕ್ಕನಲ್ಲಿ ಸಿದ್ಧ ಉತ್ತರವಿದೆ. "ನನ್ನ ಮುಖ ನೋಡಿದ್ರೆ ಅವರಿಗೆ ನೆನಪಾಗೋದು ಬೆಂಚು, ಜಾಲರಿ, ಬೀಗ. ಮನೆಗೆ ಹೋಗೋ ಹೊತ್ತಲ್ಲಿ ಅದೆಲ್ಲ ಯಾಕೆ? ಹೊರಗೆ ಬಂದವರು ನನ್ನನ್ನ ಮರೀಬೇಕು. ನಂಗೆ ಇರೋ ಆಸೆ ಅದೊಂದೇ."

ಆ ಆಸೆ ಈಚೆಗೆ ಒಂದು ಬೆಳಿಗ್ಗೆ ಕೈಗೂಡಿದೆ. ಕೋರ್ಟಿಗೆ ಹೋಗುವ ದಾರಿಯಲ್ಲಿ ಹೊಸದಾಗಿ ಏಳುತ್ತಿರುವ ಕಟ್ಟಡವೊಂದರ ಮುಂದೆ ಸಿಗ್ನಲ್ಲಿಗೆ ವ್ಯಾನು ನಿಂತಿತ್ತು. ಎರಡನೆಯ ಮಹಡಿಯ ಅಟ್ಟಣಿಗೆಯ ಮೇಲೆ ಮೇಸ್ತ್ರಿ ಕರಣೆ ಹಿಡಿದು ಗಿಲಾವು ಎಳೆಯುತ್ತಿದ್ದ. ಕೆಳಗೆ ಹಾರ್ನು ಕೇಳಿ ಒಮ್ಮೆ ತಿರುಗಿದ.

"ಗಾಡಿ ನೋಡಿದ, ನನ್ನನ್ನೂ ನೋಡಿದ" ಎನ್ನುತ್ತಾರೆ ತಾರೀಕಕ್ಕ. ಮುಖ ಅರಳಿ ಮೊರದಷ್ಟಾಗಿದೆ. "ಗುರುತೇ ಸಿಗ್ಲಿಲ್ಲ ಕಣ್ರೀ ಅವನಿಗೆ! ಯಾವುದೋ ಗಾಡಿ ಅಂದ್ಕೊಂಡು ಗೋಡೆ ಕಡೆ ತಿರುಗಿದ. ಸಾಯಂಕಾಲ ಮನೆಗೆ ಹೋಗ್ತಾ ಒಂದು ಕಿಲೋ ಸಿಹಿ ತಗೊಂಡು ಹೋಗಿ ಬೀದಿಗೆಲ್ಲ ಹಂಚಿದೆ."